ಎಂಜಿನಿಯರಿಂಗ್ ವಿದ್ಯಾರ್ಥಿಗೆ ವೆಲ್ಡಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಓದುತ್ತಿರುವುದು ಎಂಜಿನಿಯರ್ ಆಗಲಿಕ್ಕೆ, ವೆಲ್ಡರ್ ಆಗಲಿಕ್ಕಲ್ಲ. ಕೈಯಾರೆ ಕಲಿಯುವುದು ಯಾಕೆ?

ನೀವು ಬಿಡಿಸಿದ ಡ್ರಾಯಿಂಗ್ ಹಿಡಿದು ನಾಳೆ ಇನ್ನೊಬ್ಬರು ಬಗ್ಗಿ ಕೂತು ವೆಲ್ಡ್ ಮಾಡಬೇಕಲ್ಲ, ಅದಕ್ಕೆ. ಪರದೆಯ ಮೇಲೆ ಒಂದು ಬಾಕ್ಸ್ ಬೀಮ್‌ನ ಒಳಮೂಲೆಗೆ ಫಿಲೆಟ್ ವೆಲ್ಡ್ (ಮೂಲೆಯನ್ನು ತ್ರಿಕೋನವಾಗಿ ತುಂಬುವ ಬೆಸುಗೆ) ಚಿಹ್ನೆ ಹಾಕಲು ಎರಡು ಕ್ಲಿಕ್ ಸಾಕು. ಆದರೆ ಆ ಮೂಲೆಯೊಳಗೆ 350 ಮಿ.ಮೀ. ಉದ್ದದ ರಾಡ್ ಹೋಗಬೇಕು, ಅದನ್ನು ಕಚ್ಚಿದ ಹೋಲ್ಡರ್ ಹೋಗಬೇಕು, ಕೈಗವಸು ತೊಟ್ಟ ಕೈ ಹೋಗಬೇಕು, ರಾಡ್ ಸರಿಯಾದ ಕೋನಕ್ಕೆ ತಿರುಗಬೇಕು. ಇಷ್ಟಾದ ಮೇಲೆ ವೆಲ್ಡರ್ ಕಣ್ಣಿಗೆ ಆ ಜಾಗ ಕಾಣಲೂ ಬೇಕು. ಇಕ್ಕಟ್ಟಿನ ಮೂಲೆಯಲ್ಲಿ ಸ್ವತಃ ರಾಡ್ ಹಿಡಿದು ಪರದಾಡಿದವರು ಅಂಥ ಡ್ರಾಯಿಂಗ್ ಬಿಡಿಸುವುದಿಲ್ಲ.

ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಉಷ್ಣ ವಹನ, ಲೋಹಶಾಸ್ತ್ರ, ಒತ್ತಡ ಮತ್ತು ವಿಕೃತಿ, ವಿದ್ಯುತ್ ಯಂತ್ರಗಳು ಅಂತ ಬೇರೆ ಬೇರೆ ಸೆಮಿಸ್ಟರ್‌ಗಳಲ್ಲಿ ಬಿಡಿಬಿಡಿಯಾಗಿ ಓದಿದ್ದೆಲ್ಲ ಇಲ್ಲಿ ಬೆರಳ ತುದಿಯಷ್ಟು ಜಾಗದಲ್ಲಿ ಒಟ್ಟಿಗೆ ನಡೆಯುತ್ತದೆ. ಕರಗಿದ ಲೋಹದ ಆ ಪುಟ್ಟ ಮಡು, ವರ್ಕ್‌ಶಾಪಿನವರು ಪಡಲ್ ಅನ್ನುವುದು, ಅದನ್ನು ನೋಡಲು ಕಲಿತರೆ ಸೂತ್ರಗಳು ತಾವಾಗಿ ಅರ್ಥ ಬಿಟ್ಟುಕೊಡುತ್ತವೆ. ಮುಂದಿನ ಉತ್ತರಗಳೂ ಮತ್ತೆ ಮತ್ತೆ ಅಲ್ಲಿಗೇ ಬರುತ್ತವೆ.

ಮೊದಲು ಥಿಯರಿಯೋ, ಪ್ರಾಕ್ಟಿಕಲ್ಲೋ?

ಸುರಕ್ಷತೆಯ ಪಾಠ ಮೊದಲು, ಆಮೇಲೆ ಕೈ, ಕೈಯ ಬೆನ್ನಿಗೇ ಥಿಯರಿ. ಪುಸ್ತಕ ಪೂರ್ತಿ ಮುಗಿಸಿ ರಾಡ್ ಹಿಡಿಯುತ್ತೇನೆ ಅನ್ನಬೇಡಿ. ಒಂದು ಬೀಡ್, ಅಂದರೆ ಬೆಸುಗೆಯ ಒಂದು ಗೆರೆ, ಎಳೆದು ಅದು ಯಾಕೆ ಹಾಗೆ ಬಂತು ಅನ್ನುವ ಪ್ರಶ್ನೆ ಇಟ್ಟುಕೊಂಡು ಓದಿದರೆ ಒಂದು ಪುಟ ಹತ್ತು ಪುಟದ ಕೆಲಸ ಮಾಡುತ್ತದೆ.

ಸ್ಟಿಕ್, ಮಿಗ್, ಟಿಗ್: ಯಾವುದರಿಂದ ಶುರು ಮಾಡಲಿ?

ಬೇಗ ಜೋಡಿಸಿ ಮುಗಿಸುವುದಷ್ಟೇ ಗುರಿಯಾದರೆ ಮಿಗ್, ಅಂದರೆ ಹೊರಗಿನ ಗಾಳಿ ತಾಗದಂತೆ ಗ್ಯಾಸ್ ಬಿಡುತ್ತಾ ತಂತಿ ಕರಗಿಸುವ ವೆಲ್ಡಿಂಗ್. ಅರ್ಥ ಮಾಡಿಕೊಳ್ಳಬೇಕೆಂದಿದ್ದರೆ ಸ್ಟಿಕ್, ಅಂದರೆ ರಾಡ್ ಹಿಡಿದು ಮಾಡುವ ಮಾಮೂಲಿ ಆರ್ಕ್ ವೆಲ್ಡಿಂಗ್. ನನ್ನ ಸಲಹೆ ಸ್ಟಿಕ್.

ಕಾರಣ ಸರಳ. ಸ್ಟಿಕ್‌ನಲ್ಲಿ ಆರ್ಕ್‌ನ (ರಾಡ್ ತುದಿಗೂ ಪ್ಲೇಟ್‌ಗೂ ನಡುವೆ ಉರಿಯುವ ವಿದ್ಯುತ್ ಕಿಡಿಯ) ಉದ್ದ, ಸಾಗುವ ವೇಗ, ರಾಡ್‌ನ ಕೋನ ಮೂರೂ ನಿಮ್ಮ ಕೈಯಲ್ಲೇ ಇರುತ್ತವೆ; ರಾಡ್ ಕರಗಿ ಗಿಡ್ಡವಾಗುತ್ತಾ ಹೋದಂತೆ ಕೈಯನ್ನೂ ಇಳಿಸುತ್ತಾ ಹೋಗಬೇಕು. ತಪ್ಪು ಮಾಡಿದ್ದು ತಕ್ಷಣ ಬೀಡ್ ಮೇಲೆ ಕಾಣುತ್ತದೆ. ಮಿಗ್‌ನಲ್ಲಿ ತಂತಿಯನ್ನು ಯಂತ್ರವೇ ತಳ್ಳುತ್ತದೆ, ಆರ್ಕ್‌ನ ಉದ್ದವನ್ನು ಅದೇ ಕಾಯ್ದುಕೊಳ್ಳುತ್ತದೆ. ಹಾಗಾಗಿ ಮೇಲೆ ನೋಡಲು ಅಂದವಾದ, ಕೆಳಗೆ ಪ್ಲೇಟ್‌ಗೆ ಬೆಸೆದೇ ಇರದ ಬೀಡ್ ಎಳೆಯುವುದು ಮಿಗ್‌ನಲ್ಲಿ ಬಹಳ ಸುಲಭ. ಕಲಿಯುವವರಿಗೆ ಇದು ದೊಡ್ಡ ಅಪಾಯ. ಕರಗದ ಟಂಗ್‌ಸ್ಟನ್ ಕಡ್ಡಿಯಿಂದ ಆರ್ಕ್ ಹಚ್ಚುವ ಟಿಗ್‌ನಲ್ಲಿ ಒಂದು ಕೈಗೆ ಟಾರ್ಚ್, ಇನ್ನೊಂದು ಕೈಗೆ ಫಿಲ್ಲರ್ ಕಡ್ಡಿ, ಕಾಲಿಗೆ ಪೆಡಲ್. ಹೊಗೆ ಕಡಿಮೆ, ಪಡಲ್ ಕನ್ನಡಿಯಷ್ಟು ಸ್ಪಷ್ಟ. ಸ್ಟಿಕ್‌ನಲ್ಲಿ ಕೈ ಕೂತ ಮೇಲೆ ಟಿಗ್‌ಗೆ ಬನ್ನಿ, ಆಗ ಅದರ ರುಚಿ ಗೊತ್ತಾಗುತ್ತದೆ.

ಶುರು ಮಾಡುವ ಮುನ್ನ ಯಾವ ಅಪಾಯಗಳು ತಿಳಿದಿರಬೇಕು?

ಕಣ್ಣಿನಿಂದ ಶುರು ಮಾಡೋಣ. ಆರ್ಕ್‌ನಿಂದ ಹೊಮ್ಮುವ ಅತಿನೇರಳೆ ಕಿರಣ ಕಾರ್ನಿಯಾದ ಹೊರಪದರವನ್ನು ಸುಡುತ್ತದೆ. ಆ ಕ್ಷಣಕ್ಕೆ ಏನೂ ಅನ್ನಿಸುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ, ಎಷ್ಟೋ ಸಲ ರಾತ್ರಿ ಮಲಗಿದ ಮೇಲೆ, ಕಣ್ಣು ಚುಚ್ಚಲು ಶುರುವಾಗುತ್ತದೆ, ನೀರು ಸುರಿಯುತ್ತದೆ, ಬೆಳಕು ಸಹಿಸಲಾಗುವುದಿಲ್ಲ. ವೆಲ್ಡ್ ಮಾಡುವವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ನೋಡುವ ಗೆಳೆಯರೂ ಇದಕ್ಕೆ ಸಿಕ್ಕಿಬೀಳುತ್ತಾರೆ. ಆದ್ದರಿಂದ ಆರ್ಕ್ ಹಚ್ಚುವ ಮುನ್ನ ಜೋರಾಗಿ ಹೇಳಿ ಹಚ್ಚುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ.

ಕಲಿಕೆಗೆ ಬಳಸುವ ಕರೆಂಟ್‌ನಲ್ಲಿ ಸ್ಟಿಕ್‌ಗೆ 10ನೇ ಶೇಡ್ (ಕಪ್ಪಿನ ಮಟ್ಟ) ಗಾಜು ಸಾಕು. ಬೆಳಕು ಹೆಚ್ಚೆನಿಸಿದರೆ 11. ತಾನಾಗಿ ಕಪ್ಪಾಗುವ ಹೆಲ್ಮೆಟ್ ಇದ್ದರೆ ಒಳ್ಳೆಯದು. ಅದರ ಗಾಜು ತಿಳಿಯಾಗಿದ್ದಾಗಲೂ ಅತಿನೇರಳೆಯನ್ನು ತಡೆಯುತ್ತಿರುತ್ತದೆ. ಹೆಲ್ಮೆಟ್ ಒಳಗೆ ಸಾದಾ ಸುರಕ್ಷಾ ಕನ್ನಡಕವೂ ಇರಲಿ. ಬೀಡ್ ಮೇಲೆ ಗಟ್ಟಿಯಾಗುವ ಗಾಜಿನಂಥ ಪದರವಾದ ಸ್ಲ್ಯಾಗ್ ಕುಟ್ಟುವಾಗ ಹೆಲ್ಮೆಟ್ ಮೇಲೆತ್ತಿರುತ್ತೀರಿ, ಬಿಸಿ ಚೂರು ಹಾರುವುದೂ ಆಗಲೇ.

ಬಟ್ಟೆ ಹತ್ತಿಯದೋ ಚರ್ಮದ್ದೋ ಆಗಿರಲಿ. ಸಿಂಥೆಟಿಕ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಪ್ಯಾಂಟಿನ ತುದಿ ಮಡಚಬೇಡಿ, ಕಿಡಿ ಹೋಗಿ ಕೂರುವುದು ಅಲ್ಲೇ. ಕತ್ತಿನ ಗುಂಡಿ ಹಾಕಿಕೊಳ್ಳಿ, ಇಲ್ಲವಾದರೆ ಕತ್ತಿನ ಬುಡ ಬಿಸಿಲಿಗೆ ಸುಟ್ಟ ಹಾಗೆ ಕೆಂಪಾಗುತ್ತದೆ.

ವಿದ್ಯುತ್ತಿನ ಬಗ್ಗೆ ಉಡಾಫೆ ಬೇಡ. ಆರ್ಕ್ ಉರಿಯುವಾಗ 20ರಿಂದ 30 ವೋಲ್ಟ್ ಇದ್ದರೂ, ಆರ್ಕ್ ಇಲ್ಲದೆ ಯಂತ್ರ ಸುಮ್ಮನೆ ಆನ್ ಆಗಿರುವಾಗ ಹೋಲ್ಡರ್‌ನಲ್ಲಿ 50ರಿಂದ 90 ವೋಲ್ಟ್ ನಿಂತಿರುತ್ತದೆ. ಬೆವರಿನಲ್ಲಿ ನೆನೆದ ಕೈಗವಸು, ಒದ್ದೆ ನೆಲ, ಮಂಡಿಯೂರಿ ಕೂತ ಲೋಹದ ಪ್ಲೇಟ್ ಇವು ಒಟ್ಟಾದರೆ ಅಷ್ಟು ವೋಲ್ಟೇಜ್ ಜೀವ ತೆಗೆಯಬಲ್ಲದು.

ಇನ್ನು ಹೊಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಗಾಳಿಯಾಡುವ ಕಡೆ ಕೂರಿ, ತಲೆಯನ್ನು ಹೊಗೆಯ ಕಂಬದಿಂದ ಪಕ್ಕಕ್ಕೆ ಇಟ್ಟುಕೊಳ್ಳಿ, ಹೊಗೆ ಎಳೆಯುವ ವ್ಯವಸ್ಥೆ ಇದ್ದರೆ ಅದರ ಬಾಯನ್ನು ಪಡಲ್ ಹತ್ತಿರಕ್ಕೆ ತನ್ನಿ. ಸತು ಲೇಪಿಸಿದ ಜಿಐ ಪೈಪ್ ಮೇಲೆ ಅಭ್ಯಾಸ ಮಾಡಬೇಡಿ. ಸತುವಿನ ಹೊಗೆ ಕುಡಿದ ದಿನ ಸಂಜೆಗೆ ಚಳಿ ಜ್ವರ, ಮೈಕೈ ನೋವು. ಬ್ರೇಕ್ ಕ್ಲೀನರ್‌ನಂಥ ಕ್ಲೋರಿನ್ ಇರುವ ದ್ರಾವಕದಲ್ಲಿ ಒರೆಸಿದ ಲೋಹಕ್ಕೆ ಆರ್ಕ್ ಹಚ್ಚುವುದಂತೂ ಕೂಡದು: ಶಾಖ ಮತ್ತು ಅತಿನೇರಳೆ ಕಿರಣ ತಾಗಿ ಅದು ಫಾಸ್ಜೀನ್ ಎಂಬ ವಿಷಾನಿಲವಾಗಬಹುದು. ಎಣ್ಣೆಯೋ ಪೆಟ್ರೋಲೋ ತುಂಬಿದ್ದ ಡಬ್ಬ, ಡ್ರಮ್, ಟ್ಯಾಂಕ್‌ಗಳನ್ನು ಖಾಲಿ ಕಂಡರೂ ಮುಟ್ಟಬೇಡಿ. ಒಳಗೆ ಉಳಿದ ಆವಿ ಸಿಡಿಯಲು ಒಂದು ಕಿಡಿ ಸಾಕು.

ಕೆಲಸ ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಯಾರಾದರೂ ಅಲ್ಲೇ ಇರಬೇಕು. ಮೂಲೆಯ ಕಸದೊಳಗೆ ಹೊಕ್ಕ ಕಿಡಿ ನಿಧಾನವಾಗಿ ಹೊತ್ತಿಕೊಳ್ಳುತ್ತದೆ.

ರಾಡ್ ಮೇಲೆ ಇ6013, ಇ7018 ಅಂತ ಬರೆದಿರುತ್ತದಲ್ಲ, ಹಾಗೆಂದರೇನು?

ಇದು ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಪದ್ಧತಿ. ಮೊದಲ ಎರಡು ಅಂಕಿ ವೆಲ್ಡ್ ಲೋಹದ ಕನಿಷ್ಠ ಎಳೆತ ಬಲ, ಸಾವಿರ ಪಿಎಸ್‌ಐ ಲೆಕ್ಕದಲ್ಲಿ. 60 ಅಂದರೆ 60,000 ಪಿಎಸ್‌ಐ, ಸುಮಾರು 414 ಮೆಗಾಪ್ಯಾಸ್ಕಲ್. 70 ಅಂದರೆ ಸುಮಾರು 482. ಮೂರನೆಯ ಅಂಕಿ 1 ಇದ್ದರೆ ಸಪಾಟು, ಲಂಬ, ತಲೆಯ ಮೇಲೆ ಹೀಗೆ ಎಲ್ಲ ಭಂಗಿಗೂ ಸಲ್ಲುತ್ತದೆ. ಕೊನೆಯ ಅಂಕಿ ಮೇಲಿನ ಲೇಪದ ಬಗೆಯನ್ನೂ ಯಾವ ಕರೆಂಟ್ ಹೊಂದುತ್ತದೆ ಅನ್ನುವುದನ್ನೂ ಹೇಳುತ್ತದೆ.

6013ರ ಲೇಪ ರೂಟೈಲ್, ಅಂದರೆ ಟೈಟೇನಿಯಂ ಡೈಆಕ್ಸೈಡ್ ಪ್ರಧಾನ. ಆರ್ಕ್ ಸುಲಭವಾಗಿ ಹತ್ತುತ್ತದೆ, ಎಸಿ ಡಿಸಿ ಎರಡಕ್ಕೂ ಸೈ, ಸ್ಲ್ಯಾಗ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಕಲಿಕೆಗೆ ಇದೇ ಸರಿ. 7018 ಹೈಡ್ರೋಜನ್ ಕಡಿಮೆ ಇರುವ ರಾಡ್. ಭಾರ ಹೊರುವ ಕೆಲಸಕ್ಕೆ ಇದು. ಇದರ ಲೇಪ ಗಾಳಿಯ ತೇವ ಹೀರುತ್ತದೆ, ಹಾಗಾಗಿ ಪ್ಯಾಕ್ ಒಡೆದ ಮೇಲೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ಇಡುತ್ತಾರೆ. ಹೊರಗೆ ವಾರಗಟ್ಟಲೆ ಬಿದ್ದಿದ್ದ 7018ಕ್ಕೆ ಅದರ ಹೆಸರಿನ ಗುಣ ಉಳಿದಿರುವುದಿಲ್ಲ.

ಕರೆಂಟ್ ಎಷ್ಟಕ್ಕೆ ಇಡಬೇಕು?

ರಾಡ್‌ನ ವ್ಯಾಸದ ಪ್ರತಿ ಮಿ.ಮೀ.ಗೆ 35ರಿಂದ 40 ಆಂಪಿಯರ್ ಅನ್ನುವುದು ಶುರುವಿಗೆ ಒಳ್ಳೆಯ ಅಂದಾಜು. 3.15 ಮಿ.ಮೀ. ರಾಡ್‌ಗೆ 110ರಿಂದ 125 ಆಂಪಿಯರ್, 2.5ಕ್ಕೆ 90ರ ಆಸುಪಾಸು. ತೆಳು ಹಾಳೆ, ಲಂಬ ಭಂಗಿ ಅಂದರೆ ಇನ್ನೂ ಇಳಿಸಿ. ರಾಡ್ ಪ್ಯಾಕಿನ ಮೇಲೆ ತಯಾರಕರು ಕೊಟ್ಟ ಮಿತಿಯೇ ಕಡೆಯ ಮಾತು. ಒಂದೇ ಪ್ಲೇಟ್ ಮೇಲೆ 3.15 ರಾಡ್‌ನಿಂದ 80, 110, 140 ಆಂಪಿಯರ್‌ಗಳಲ್ಲಿ ಮೂರು ಬೀಡ್ ಎಳೆದು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಪ್ಲೇಟ್ ಮೇಲೆ ಉಬ್ಬಿ ಕೂತಿರುತ್ತದೆ, ಕೊನೆಯದರ ಅಂಚು ಕೊರೆದುಹೋಗಿ ಸುತ್ತ ಸಿಡಿದ ಹನಿಗಳಿರುತ್ತವೆ. ಈ ಹೋಲಿಕೆಯನ್ನು ಯಾವ ಕೋಷ್ಟಕವೂ ಇಷ್ಟು ಚೆನ್ನಾಗಿ ಕಲಿಸುವುದಿಲ್ಲ.

ಆರ್ಕ್ ಹಚ್ಚಲು ಹೋದರೆ ರಾಡ್ ಅಂಟಿಕೊಂಡುಬಿಡುತ್ತದೆ. ಏನು ಮಾಡಲಿ?

ಎಲ್ಲರಿಗೂ ಅಂಟುತ್ತದೆ. ಬೆಂಕಿಕಡ್ಡಿ ಗೀರುವ ಹಾಗೆ ರಾಡ್‌ನ ತುದಿಯನ್ನು ಗೀರಿ, ಕಿಡಿ ಕಂಡ ಕೂಡಲೇ ರಾಡ್‌ನ ವ್ಯಾಸದಷ್ಟು ಮೇಲೆತ್ತಿ, ಅಲ್ಲೇ ನಿಲ್ಲಿಸಿ. ಹೆಚ್ಚಿನವರು ಹೆದರಿ ತುಂಬಾ ಎತ್ತುತ್ತಾರೆ, ಆರ್ಕ್ ಆರಿಹೋಗುತ್ತದೆ. ಮುಂದಿನ ಸಲ ಎತ್ತುವುದೇ ಇಲ್ಲ, ಅಂಟುತ್ತದೆ. ಅಂಟಿದರೆ ಮಣಿಕಟ್ಟು ತಿರುಗಿಸಿ ಕಿತ್ತುಕೊಳ್ಳಿ, ಬರದಿದ್ದರೆ ಹೋಲ್ಡರ್‌ನ ಹಿಡಿ ಒತ್ತಿ ರಾಡ್ ಬಿಟ್ಟುಬಿಡಿ. ಅರ್ತಿಂಗ್ ಕ್ಲಾಂಪ್ ಕೂತ ಜಾಗದಲ್ಲಿ ಬಣ್ಣ, ತುಕ್ಕು ಇದೆಯೇ ನೋಡಿ. ಅರ್ಧ ದೂರುಗಳು ಅಲ್ಲಿಗೇ ಮುಗಿಯುತ್ತವೆ.

ಗೀರುವುದೇನಿದ್ದರೂ ಜಾಯಿಂಟ್‌ನ ಒಳಗೇ ಇರಲಿ. ಪ್ಲೇಟ್‌ನ ಬೇರೆಡೆ ಗೀರಿದ ಗುರುತು ಗಟ್ಟಿ ಉಕ್ಕಿನ ಮೇಲೆ ಬಿರುಕಿನ ಬೀಜವಾಗುತ್ತದೆ. ಯಾಕೆಂದು ಕೆಳಗೆ ಬರುತ್ತದೆ.

ಹೆಲ್ಮೆಟ್ ಒಳಗಿಂದ ಏನೂ ಕಾಣುವುದಿಲ್ಲ, ಬರೀ ಬೆಳಕು. ಏನನ್ನು ನೋಡಬೇಕು?

ಆರ್ಕ್‌ನ ಬೆಳಕನ್ನು ನೋಡಬೇಡಿ, ಅದರ ಕೆಳಗೆ ಮತ್ತು ಹಿಂದೆ ನೋಡಿ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮೊಣಕೈಯನ್ನು ಮೇಜಿಗೆ ಊರಿ. ಮೊದಲಿಗೆ ಬಿಳಿ ಚುಕ್ಕೆಯೊಂದೇ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಅದರ ಸುತ್ತ ನೀರಿನಂತೆ ನಡುಗುವ ಹೊಳಪು, ಅದೇ ಪಡಲ್. ಮುಂದಿನ ಅಂಚಿನಲ್ಲಿ ಗಟ್ಟಿ ಪ್ಲೇಟ್ ಕರಗಿ ಒಳಕ್ಕೆ ಸೇರುತ್ತಿರುತ್ತದೆ. ಹಿಂದಿನ ಅಂಚು ಕ್ಷಣಕ್ಷಣಕ್ಕೂ ಹೆಪ್ಪುಗಟ್ಟುತ್ತಾ ಒಂದೊಂದೇ ಅಲೆಯ ಗೆರೆ ಬಿಡುತ್ತಾ ಬರುತ್ತದೆ. ಅದರ ಮೇಲೆ ಸ್ಲ್ಯಾಗ್ ಕದಡಿಕೊಂಡು ಹರಿಯುತ್ತದೆ. ಸ್ಲ್ಯಾಗ್ ಸದಾ ಹಿಂದೆ ಇರಬೇಕು. ಅದು ಆರ್ಕ್‌ನ ಮುಂದಕ್ಕೆ ನುಗ್ಗಿತೆಂದರೆ ಲೋಹದ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಆರ್ಕ್ ಗಿಡ್ಡ ಮಾಡಿ, ರಾಡ್ ಸ್ವಲ್ಪ ಹೆಚ್ಚು ವಾಲಿಸಿ, ಅಥವಾ ಕರೆಂಟ್ ಏರಿಸಿ.

ಪಡಲ್‌ನ ಅಗಲ ರಾಡ್‌ನ ವ್ಯಾಸದ ಎರಡು, ಎರಡೂವರೆ ಪಟ್ಟು ಇರುವ ಹಾಗೆ ಕೈಯ ವೇಗ ಹೊಂದಿಸಿಕೊಳ್ಳಿ. ತಣ್ಣಗಾದ ಮೇಲೆ ಅಲೆಗಳ ಆಕಾರ ಓದಿ: ದುಂಡಗಿದ್ದರೆ ವೇಗ ಸರಿ, ಬಾಣದ ಹಾಗೆ ಚೂಪಾಗಿದ್ದರೆ ಓಡಿದ್ದೀರಿ. ಕಿವಿಯೂ ಕೆಲಸ ಮಾಡಲಿ. ಒಂದೇ ಸಮನೆ ಚಟಪಟ ಸದ್ದು ಬರುತ್ತಿದ್ದರೆ ಆರ್ಕ್‌ನ ಉದ್ದ ಸರಿಯಿದೆ. ಉದ್ದ ಹೆಚ್ಚಾದರೆ ಸದ್ದು ಬುಸುಗುಟ್ಟುವ ಊದಾಟಕ್ಕೆ ತಿರುಗುತ್ತದೆ.

ಸ್ಟಿಕ್‌ಗೆ ಸ್ಥಿರ ಕರೆಂಟ್, ಮಿಗ್‌ಗೆ ಸ್ಥಿರ ವೋಲ್ಟೇಜ್ ಅನ್ನುತ್ತಾರೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇನೆ, ಅರ್ಥವಾಗಿಲ್ಲ.

ಸ್ಟಿಕ್‌ನಲ್ಲಿ ಕೈ ನಡುಗುತ್ತದೆ, ಆರ್ಕ್‌ನ ಉದ್ದ ಬದಲಾಗುತ್ತದೆ, ಅದರೊಂದಿಗೆ ವೋಲ್ಟೇಜ್ ಏರಿಳಿಯುತ್ತದೆ. ಯಂತ್ರದ ವೋಲ್ಟೇಜ್-ಕರೆಂಟ್ ಲಕ್ಷಣರೇಖೆ ಕಡಿದಾಗಿ ಇಳಿಯುವಂಥದ್ದಾದರೆ ವೋಲ್ಟೇಜ್ ಅಷ್ಟು ಆಡಿದರೂ ಕರೆಂಟ್ ಹೆಚ್ಚು ಆಡುವುದಿಲ್ಲ, ಕರಗುವ ವೇಗ ಸಮನಾಗಿರುತ್ತದೆ. ಮಿಗ್‌ನಲ್ಲಿ ತಂತಿ ಒಂದೇ ವೇಗದಲ್ಲಿ ಬರುತ್ತಿರುತ್ತದೆ. ಅಲ್ಲಿ ಆರ್ಕ್ ಉದ್ದವಾದರೆ ಕರೆಂಟ್ ಇಳಿಯುತ್ತದೆ, ತಂತಿ ಕರಗುವುದು ನಿಧಾನವಾಗುತ್ತದೆ, ತಳ್ಳಿಬರುವ ತಂತಿ ಮುಂದೆ ಸರಿದು ಉದ್ದವನ್ನು ಮತ್ತೆ ಸರಿ ಮಾಡುತ್ತದೆ. ಗಿಡ್ಡವಾದರೆ ಇದರ ತಿರುವುಮುರುವು. ಈ ತಿದ್ದುಪಡಿ ನಡೆಯಬೇಕಾದರೆ ವೋಲ್ಟೇಜ್ ಸ್ಥಿರವಾಗಿದ್ದು ಕರೆಂಟ್ ಬೇಕಾದಷ್ಟು ಆಡಲು ಬಿಡುವ ಯಂತ್ರ ಬೇಕು. ಮಿಗ್‌ನಲ್ಲಿ ತಂತಿಯ ವೇಗದ ಗುಂಡಿಯೇ ಕರೆಂಟಿನ ಗುಂಡಿಯಾಗಿರುವುದೂ ಇದೇ ಕಾರಣಕ್ಕೆ.

ಯಂತ್ರದ ಮೇಲಿನ ಡ್ಯೂಟಿ ಸೈಕಲ್ 10 ನಿಮಿಷದ ಲೆಕ್ಕ. 160 ಆಂಪಿಯರ್‌ಗೆ 60 ಪ್ರತಿಶತ ಅಂತಿದ್ದರೆ ಆ ಕರೆಂಟ್‌ನಲ್ಲಿ 6 ನಿಮಿಷ ಕೆಲಸ, 4 ನಿಮಿಷ ವಿಶ್ರಾಂತಿ.

ಹೀಟ್ ಇನ್‌ಪುಟ್ ಲೆಕ್ಕ ಹಾಕುವುದು ಹೇಗೆ? ಅದರಿಂದ ಏನು ತಿಳಿಯುತ್ತದೆ?

ವೋಲ್ಟೇಜನ್ನು ಕರೆಂಟ್‌ನಿಂದ ಗುಣಿಸಿ, ಸಾಗಿದ ವೇಗದಿಂದ ಭಾಗಿಸಿ. 24 ವೋಲ್ಟ್, 120 ಆಂಪಿಯರ್ ಅಂದರೆ 2,880 ವ್ಯಾಟ್. ನಿಮಿಷಕ್ಕೆ 150 ಮಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 2.5 ಮಿ.ಮೀ. ಸಾಗಿದರೆ, ಪ್ರತಿ ಮಿ.ಮೀ.ಗೆ 1,152 ಜೂಲ್. ಸ್ಟಿಕ್‌ಗೆ ಉಷ್ಣ ದಕ್ಷತೆ 0.8 ಎಂದು ಹಿಡಿದರೆ ಪ್ಲೇಟ್‌ಗೆ ಇಳಿಯುವುದು ಸುಮಾರು 0.92 ಕಿಲೋಜೂಲ್. ಕೆಲವು ಸಂಹಿತೆಗಳು ದಕ್ಷತೆ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಎರಡು ವರದಿಗಳನ್ನು ಹೋಲಿಸುವ ಮುನ್ನ ಇದನ್ನು ನೋಡಿಕೊಳ್ಳಿ.

ಈ ಸಂಖ್ಯೆಯಿಂದ ತಿಳಿಯುವುದು ಜಾಯಿಂಟ್ ಎಷ್ಟು ಬೇಗ ತಣ್ಣಗಾಗುತ್ತದೆ ಅನ್ನುವುದು. ಕಡಿಮೆ ಶಾಖ, ದಪ್ಪ ಪ್ಲೇಟ್ ಅಂದರೆ ಪ್ಲೇಟ್ ತಾನೇ ಶಾಖವನ್ನು ಎಲ್ಲ ದಿಕ್ಕಿಗೂ ಎಳೆದುಕೊಂಡು ವೆಲ್ಡನ್ನು ನೀರಲ್ಲಿ ಅದ್ದಿದಷ್ಟು ಬೇಗ ತಣಿಸುತ್ತದೆ. ಹೀಗಾಗಿ ದಪ್ಪ ಪ್ಲೇಟ್ ಮೇಲಿನ ಒಂದು ಪುಟ್ಟ ಟ್ಯಾಕ್ (ಜೋಡಿಸಿ ಹಿಡಿಯಲು ಮೊದಲೇ ಹಾಕುವ ಚುಕ್ಕೆ ವೆಲ್ಡ್), ಅಥವಾ ತಪ್ಪಿ ಗೀರಿದ ಒಂದು ಆರ್ಕ್ ಗುರುತು, ಉದ್ದನೆಯ ಬೀಡ್‌ಗಿಂತ ಹೆಚ್ಚು ಗಡಸಾಗುತ್ತದೆ. ಟ್ಯಾಕ್ ತಾನೇ ಅಂತ ತಾತ್ಸಾರ ಮಾಡುವವರಿಗೆ ಈ ಲೆಕ್ಕ ತೋರಿಸಬೇಕು.

ವೆಲ್ಡ್ ಗಟ್ಟಿಯಾಗಿದ್ದರೂ ಪಕ್ಕದಲ್ಲಿ ಬಿರುಕು ಬಿಡುತ್ತದಲ್ಲ, ಯಾಕೆ?

ಪಡಲ್‌ನ ಪಕ್ಕದ ಲೋಹ ಕರಗಿರುವುದಿಲ್ಲ, ಆದರೆ ಕರಗುವ ಹತ್ತಿರದವರೆಗೂ ಕಾದಿರುತ್ತದೆ. ಅದೇ ಶಾಖಪೀಡಿತ ವಲಯ. ಅಲ್ಲಿನ ಉಕ್ಕು ಆಸ್ಟೆನೈಟ್ (ಕಾದ ಉಕ್ಕು ತಾಳುವ ಹರಳು ರಚನೆ) ಆಗಿ, ಬೇಗ ತಣಿದರೆ ಮಾರ್ಟೆನ್ಸೈಟ್ ಆಗುತ್ತದೆ: ಗಡಸು, ಆದರೆ ಪೆಡಸು. ಇದಾಗುವ ಸಾಧ್ಯತೆಯನ್ನು ಕಾರ್ಬನ್ ಸಮಾನಾಂಕ ಹೇಳುತ್ತದೆ. ಕಾರ್ಬನ್ ಪ್ರತಿಶತಕ್ಕೆ ಮ್ಯಾಂಗನೀಸ್‌ನ ಆರನೇ ಒಂದು ಭಾಗ, ಕ್ರೋಮಿಯಂ, ಮಾಲಿಬ್ಡಿನಂ, ವೆನೇಡಿಯಂ ಮೊತ್ತದ ಐದನೇ ಒಂದು ಭಾಗ, ನಿಕಲ್, ತಾಮ್ರ ಮೊತ್ತದ ಹದಿನೈದನೇ ಒಂದು ಭಾಗ ಕೂಡಿಸಿ. ಕಾರ್ಬನ್ 0.18, ಮ್ಯಾಂಗನೀಸ್ 0.9 ಇರುವ ಸಾಮಾನ್ಯ ಉಕ್ಕಿಗೆ 0.33 ಬರುತ್ತದೆ. 0.4ರ ಒಳಗಿದ್ದರೆ ಸಾಧಾರಣ ದಪ್ಪಕ್ಕೆ ತಲೆಬಿಸಿ ಕಡಿಮೆ. ಮೇಲೆ ಹೋದಂತೆ ಪ್ಲೇಟನ್ನು ಮೊದಲೇ ಕಾಯಿಸುವ ವಿಚಾರ ಮಾಡಬೇಕು.

ಅದಕ್ಕೆ ಹೈಡ್ರೋಜನ್ ಜೊತೆಯಾದರೆ ಕೆಲಸ ಕೆಟ್ಟಿತು. ತೇವದ ರಾಡ್, ಎಣ್ಣೆ, ತುಕ್ಕು, ಬಣ್ಣ ಇವುಗಳಿಂದ ಬಂದ ಹೈಡ್ರೋಜನ್ ವೆಲ್ಡ್ ತಣ್ಣಗಾದ ಮೇಲೆ ಶಾಖಪೀಡಿತ ವಲಯದಲ್ಲಿ ಸೇರಿಕೊಂಡು, ಗಂಟೆಗಳು ಅಥವಾ ಒಂದೆರಡು ದಿನ ಕಳೆದು ಬಿರುಕು ಬಿಡಿಸುತ್ತದೆ. ಮಹತ್ವದ ಜಾಯಿಂಟ್‌ಗಳ ಕೊನೆಯ ಪರೀಕ್ಷೆಯನ್ನು 48 ಗಂಟೆ ತಡೆದು ಮಾಡುವ ಪದ್ಧತಿ ಬಂದದ್ದು ಇದರಿಂದ. ಹೈಡ್ರೋಜನ್, ಪೆಡಸು ರಚನೆ, ಎಳೆತದ ಒತ್ತಡ ಮೂರೂ ಸೇರಿದರೆ ಮಾತ್ರ ಈ ಬಿರುಕು ಬರುತ್ತದೆ. ಒಂದನ್ನು ತಪ್ಪಿಸಿದರೂ ಜಾಯಿಂಟ್ ಉಳಿಯುತ್ತದೆ.

ಬಿರುಕಿನ ವಿಷಯ ಬಂದಾಗ ಎರಡನೇ ಮಹಾಯುದ್ಧದ ವೆಲ್ಡ್ ಮಾಡಿದ ಹಡಗುಗಳ ಕಥೆ ಪ್ರತಿ ಎಂಜಿನಿಯರ್‌ಗೂ ಗೊತ್ತಿರಬೇಕು. ಅಮೆರಿಕ 2,710 ಲಿಬರ್ಟಿ ಹಡಗುಗಳನ್ನು ಕಟ್ಟಿತು. ಅನೇಕದರಲ್ಲಿ ಬಿರುಕು ಕಾಣಿಸಿಕೊಂಡಿತು. ಸ್ಕೆನೆಕ್ಟಡಿ ಎಂಬ ತೈಲ ಹಡಗಂತೂ 1943ರ ಜನವರಿಯಲ್ಲಿ ಪೋರ್ಟ್‌ಲ್ಯಾಂಡ್‌ನ ಬಂದರಿನಲ್ಲಿ ನಿಂತಲ್ಲೇ ನಡುಮುರಿಯಿತು. ಬೈಗುಳವೆಲ್ಲ ಮೊದಲು ವೆಲ್ಡರ್‌ಗಳಿಗೇ ಬಿತ್ತು. ಆ ಉಕ್ಕೇ ಚಳಿಯಲ್ಲಿ ಪೆಡಸಾಗುತ್ತಿತ್ತು ಎಂದು ತೋರಿಸಿದವರು ಕೇಂಬ್ರಿಡ್ಜ್‌ನ ಕಾನ್‌ಸ್ಟನ್ಸ್ ಟಿಪ್ಪರ್. ಇದರ ಜೊತೆಗೆ ಚೌಕ ಮೂಲೆಯ ಕಿಂಡಿಗಳಲ್ಲಿ ಒತ್ತಡ ಕೇಂದ್ರೀಕರಿಸುತ್ತಿತ್ತು. ರಿವೆಟ್ ಹಡಗಿನಲ್ಲಿ ಪ್ಲೇಟ್‌ನ ಅಂಚಿಗೆ ನಿಲ್ಲಬಹುದಿದ್ದ ಬಿರುಕು, ವೆಲ್ಡ್ ಮಾಡಿ ಒಂದೇ ತುಂಡಾದ ಹಡಗಿನಲ್ಲಿ ತಡೆಯಿಲ್ಲದೆ ಓಡುತ್ತಿತ್ತು. ಅಂದರೆ ಲೋಹದ ಆಯ್ಕೆ, ವಿನ್ಯಾಸ, ವೆಲ್ಡ್ ಎಲ್ಲವೂ ಒಂದೇ ಪ್ರಶ್ನೆ.

ಚೌಕವಾಗಿ ಇಟ್ಟು ವೆಲ್ಡ್ ಮಾಡಿದ್ದು ತಣ್ಣಗಾದ ಮೇಲೆ ಸೊಟ್ಟಗಾಗಿರುತ್ತದೆ. ಏನು ಕಾರಣ?

ಈ ಲೆಕ್ಕ ನನಗೆ ಬಹಳ ಪ್ರಿಯ. ಉಕ್ಕಿನ ಹಿಗ್ಗುವ ಗುಣಾಂಕ ಡಿಗ್ರಿಗೆ ಹತ್ತು ಲಕ್ಷದಲ್ಲಿ 12 ಪಾಲು, ಅಂದರೆ 0.000012. 250 ಮೆಗಾಪ್ಯಾಸ್ಕಲ್‌ಗೆ ಮಣಿಯುವ (ಮತ್ತೆ ಮೊದಲಿನ ಆಕಾರಕ್ಕೆ ಬಾರದ) ಉಕ್ಕಿನ ಮಣಿಯುವ ವಿಕೃತಿ 250 ಭಾಗಿಸು ಯಂಗ್ ಗುಣಾಂಕವಾದ 2,00,000, ಅಂದರೆ 0.00125. ಇದನ್ನು ಹಿಗ್ಗುವ ಗುಣಾಂಕದಿಂದ ಭಾಗಿಸಿ: ಸುಮಾರು 104 ಡಿಗ್ರಿ. ಎರಡೂ ತುದಿ ಅಲುಗದ ಹಾಗೆ ಹಿಡಿದ ಉಕ್ಕು ಬರೀ ನೂರು ಚಿಲ್ಲರೆ ಡಿಗ್ರಿ ಕಾದರೆ ಸಾಕು, ಮಣಿದುಬಿಡುತ್ತದೆ. ಪಡಲ್ ಇರುವುದು 1,500 ಡಿಗ್ರಿ ಮೇಲೆ. ಸುತ್ತಲಿನ ತಣ್ಣನೆಯ ಪ್ಲೇಟ್ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಕಾದಾಗ ಹಿಗ್ಗಲಾಗದೆ ಒಳಗೊಳಗೇ ಚಪ್ಪಟೆಯಾದ ಲೋಹ, ತಣ್ಣಗಾಗುವಾಗ ಕುಗ್ಗಿ ಎಲ್ಲವನ್ನೂ ತನ್ನ ಕಡೆಗೆ ಎಳೆಯುತ್ತದೆ. ಪ್ಲೇಟ್ ಬಗ್ಗಿದರೆ ಅದು ಸೊಟ್ಟ. ಬಗ್ಗದಂತೆ ಬಿಗಿಹಿಡಿದರೆ ಅದೇ ಉಳಿಕೆ ಒತ್ತಡವಾಗಿ ಒಳಗೆ ಕೂರುತ್ತದೆ, ವೆಲ್ಡ್ ಹತ್ತಿರ ಮಣಿಯುವ ಬಲದವರೆಗೂ ಹೋಗಬಲ್ಲದು.

ಉಪಾಯಗಳು: ಎಲ್ಲ ಕಡೆ ಟ್ಯಾಕ್ ಹಾಕಿ ಅಳತೆ ನೋಡಿದ ಮೇಲೇ ಬೀಡ್, ಎದುರುಬದುರು ಬದಿಗಳಲ್ಲಿ ಸರದಿಯಂತೆ ವೆಲ್ಡ್, ಉದ್ದನೆಯ ಜಾಯಿಂಟನ್ನು ತುಂಡುತುಂಡಾಗಿ ಹಿಮ್ಮುಖವಾಗಿ ಎಳೆಯುವುದು, ಬಾಗುವಷ್ಟು ಮೊದಲೇ ವಿರುದ್ಧ ದಿಕ್ಕಿಗೆ ಓರೆಯಾಗಿಡುವುದು. ಇವೆಲ್ಲಕ್ಕಿಂತ ಮಿಗಿಲಾದದ್ದು ಬೇಕಿದ್ದಕ್ಕಿಂತ ಹೆಚ್ಚು ವೆಲ್ಡ್ ಹಾಕದಿರುವುದು.

ಫಿಲೆಟ್ ದೊಡ್ಡದಾದಷ್ಟೂ ಗಟ್ಟಿ ಅಲ್ಲವೇ?

ಸ್ವಲ್ಪ ಮಟ್ಟಿಗೆ ಗಟ್ಟಿ, ಆದರೆ ಬಲು ದುಬಾರಿ. ಬಲದ ಲೆಕ್ಕಕ್ಕೆ ಬರುವುದು ಥ್ರೋಟ್, ಅಂದರೆ ಒಳಮೂಲೆಯಿಂದ ವೆಲ್ಡ್‌ನ ಮುಖಕ್ಕಿರುವ ಅತಿ ಗಿಡ್ಡ ದೂರ; ಅದು ಕಾಲಿನ (ಪ್ಲೇಟ್‌ಗೆ ಬೆಸೆದ ಬದಿಯ) ಅಳತೆಯ 0.707 ಪಟ್ಟು. 6 ಮಿ.ಮೀ. ಕಾಲಿಗೆ 4.24, 8ಕ್ಕೆ 5.66. ಬಲ ಹೆಚ್ಚಿದ್ದು ಮೂರನೇ ಒಂದು ಪಾಲು. ತುಂಬಬೇಕಾದ ಲೋಹವೋ ಕಾಲಿನ ವರ್ಗದ ಅರ್ಧ: 18 ಚದರ ಮಿ.ಮೀ. ಇದ್ದದ್ದು 32 ಆಯಿತು, 78 ಪ್ರತಿಶತ ಹೆಚ್ಚು. ಅಷ್ಟೇ ಹೆಚ್ಚು ಸಮಯ, ಹೊಗೆ, ಸೊಟ್ಟ. ಬಲ ಬೇಕಿದ್ದರೆ ಉದ್ದ ಹೆಚ್ಚಿಸಿ. ಬಲವೂ ಲೋಹವೂ ಒಂದೇ ಪ್ರಮಾಣದಲ್ಲಿ ಏರುತ್ತವೆ.

ಡ್ರಾಯಿಂಗ್ ಓದುವಾಗ ಎಚ್ಚರ: ಐಎಸ್‌ಒ ಚಿಹ್ನೆಯಲ್ಲಿ ಅಂಕಿಗೆ ಮುಂಚೆ ಜಡ್ ಇದ್ದರೆ ಅದು ಕಾಲಿನ ಅಳತೆ, ಎ ಇದ್ದರೆ ಥ್ರೋಟ್. ಎ 6 ಅಂದರೆ ಕಾಲು ಸುಮಾರು 8.5 ಮಿ.ಮೀ. ಒಂದಕ್ಷರ ತಪ್ಪಾಗಿ ಓದಿದರೆ ವೆಲ್ಡ್ ಅರ್ಧಕ್ಕರ್ಧ ಬದಲಾಗುತ್ತದೆ. ಚಿಹ್ನೆಯ ಮೊಣಕೈಯಲ್ಲಿ ವೃತ್ತವಿದ್ದರೆ ಸುತ್ತಲೂ ವೆಲ್ಡ್, ಬಾವುಟವಿದ್ದರೆ ಜೋಡಣೆಯ ಸ್ಥಳದಲ್ಲೇ ಮಾಡುವ ವೆಲ್ಡ್.

ನನ್ನ ಬೀಡ್ ನೋಡಲು ಚೆನ್ನಾಗಿ ಬರುತ್ತಿದೆ. ಕಲಿತೆ ಅನ್ನಬಹುದೇ?

ಒಡೆದು ನೋಡುವವರೆಗೆ ಅನ್ನಬೇಡಿ. ಎರಡು ಪ್ಲೇಟ್‌ಗಳನ್ನು ಟಿ ಆಕಾರದಲ್ಲಿ ನಿಲ್ಲಿಸಿ ಒಂದೇ ಬದಿಗೆ ಫಿಲೆಟ್ ಎಳೆಯಿರಿ. ತಣ್ಣಗಾದ ಮೇಲೆ ವೈಸ್‌ನಲ್ಲಿ ಹಿಡಿದು, ನಿಂತ ಪ್ಲೇಟನ್ನು ವೆಲ್ಡ್ ಇರುವ ಬದಿಗೆ ಮಡಚುವ ಹಾಗೆ ಸುತ್ತಿಗೆಯಲ್ಲಿ ಹೊಡೆಯಿರಿ. ಬೇರು, ಅಂದರೆ ಎರಡು ಪ್ಲೇಟ್ ಕೂಡುವ ಒಳಮೂಲೆ, ಬಾಯಿಬಿಡುತ್ತದೆ. ಒಳಗೆ ಪ್ಲೇಟ್‌ನ ಕತ್ತರಿಸಿದ ಅಂಚು ಗೆರೆ ಎಳೆದ ಹಾಗೆ ನೇರವಾಗಿ, ಹರಿತವಾಗಿ ಉಳಿದಿದ್ದರೆ ಅಲ್ಲಿ ಅದು ಕರಗಿಯೇ ಇರಲಿಲ್ಲ. ಕಪ್ಪು ಗಾಜಿನ ಚೂರು ಸ್ಲ್ಯಾಗ್, ನುಣುಪಾದ ಗುಳಿ ಅನಿಲದ ಗುಳ್ಳೆ. ಪೂರ್ತಿ ಬೆಸೆದ ಜಾಯಿಂಟ್ ಒಡೆಯಲು ಹಟ ಮಾಡುತ್ತದೆ, ಒಡೆದರೂ ಬೂದುಬಣ್ಣದ ಒರಟು ಮೈ ತೋರಿಸುತ್ತದೆ.

ಇನ್ನೊಂದು ತುಂಡನ್ನು ಅಡ್ಡಕ್ಕೆ ಕೊಯ್ದು, ಅರದಿಂದ ಸಮ ಮಾಡಿ, ಎಮೆರಿ ಕಾಗದದಲ್ಲಿ ಒರಟಿನಿಂದ ನಯಕ್ಕೆ ಉಜ್ಜುತ್ತಾ ಹೋಗಿ. ಲೋಹಶಾಸ್ತ್ರ ಪ್ರಯೋಗಾಲಯದಲ್ಲಿ, ಅಲ್ಲಿನ ಸಿಬ್ಬಂದಿಯ ಎದುರಿನಲ್ಲೇ, ಆಲ್ಕೊಹಾಲ್‌ನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲವಾದ ನೈಟಾಲ್‌ನಿಂದ ಒರೆಸಿ. ಆಮ್ಲವನ್ನು ನೀವೇ ಬೆರೆಸಲು ಹೋಗಬೇಡಿ. ಕೆಲವೇ ಸೆಕೆಂಡುಗಳಲ್ಲಿ ಬರೀ ಹೊಳಪಿದ್ದ ಮೈಯಲ್ಲಿ ವೆಲ್ಡ್‌ನ ಆಕಾರ ಮೂಡುತ್ತದೆ, ಅದರ ಸುತ್ತ ಶಾಖಪೀಡಿತ ವಲಯ ಬೇರೆ ಛಾಯೆಯ ಪಟ್ಟಿಯಾಗಿ ಕಾಣುತ್ತದೆ. ಪುಸ್ತಕದ ಚಿತ್ರ ನಿಮ್ಮದೇ ಕೈಕೆಲಸದಲ್ಲಿ ಎದ್ದು ಬರುವ ಆ ಗಳಿಗೆಯನ್ನು ಯಾವ ವಿದ್ಯಾರ್ಥಿಯೂ ತಪ್ಪಿಸಿಕೊಳ್ಳಬಾರದು.

ಮಿಗ್ ಬೀಡ್ ತುಂಬ ತೂತು. ಗ್ಯಾಸ್ ಹೆಚ್ಚಿಸಲೇ?

ಹೆಚ್ಚಿಸುವುದೇ ಕೆಲವೊಮ್ಮೆ ತಪ್ಪು. ಒಳಾಂಗಣದಲ್ಲಿ ನಿಮಿಷಕ್ಕೆ 10ರಿಂದ 15 ಲೀಟರ್ ಸಾಕು; ಮಿತಿಮೀರಿ ಬಿಟ್ಟರೆ ಹರಿವು ಸುಳಿಸುತ್ತಿ ಹೊರಗಿನ ಗಾಳಿಯನ್ನು ಒಳಕ್ಕೆಳೆಯುತ್ತದೆ. ಫ್ಯಾನ್ ಎದುರಿಗಿದೆಯೇ, ನಾಝಲ್ ಒಳಗೆ ಸಿಡಿದ ಹನಿ ಕಟ್ಟಿಕೊಂಡಿದೆಯೇ, ಲೋಹ ಶುಚಿಯಿದೆಯೇ ಮೊದಲು ನೋಡಿ.

ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಯಾವಾಗ ಹಿಡಿಯಲಿ?

ಸಾದಾ ಉಕ್ಕಿನಲ್ಲಿ ಕೈ ಪಳಗಿದ ಮೇಲೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪೊರೆ 2,072 ಡಿಗ್ರಿಗೆ. ಪೊರೆ ತೆಗೆಯದಿದ್ದರೆ ಒಳಗೆ ಕರಗಿದ ಲೋಹ ಒಂದಕ್ಕೊಂದು ಸೇರುವುದೇ ಇಲ್ಲ. ಟಿಗ್‌ನಲ್ಲಿ ಎಸಿ ಬಳಸುವುದು ಇದಕ್ಕೇ: ಎಲೆಕ್ಟ್ರೋಡ್ ಧನ ಧ್ರುವವಾಗುವ ಅರ್ಧ ಚಕ್ರ ಪೊರೆಯನ್ನು ಒಡೆಯುತ್ತದೆ, ಇನ್ನರ್ಧ ಕರಗಿಸುತ್ತದೆ. ಅಲ್ಯೂಮಿನಿಯಂ ಕೆಂಪಗಾಗಿ ಮುನ್ಸೂಚನೆ ಕೊಡುವುದಿಲ್ಲ, ಇದ್ದಕ್ಕಿದ್ದಂತೆ ಕುಸಿಯುತ್ತದೆ. 304 ಸ್ಟೇನ್‌ಲೆಸ್ ಸಾದಾ ಉಕ್ಕಿನ ಮೂರನೇ ಒಂದು ಭಾಗದಷ್ಟೇ ಶಾಖ ಹರಿಯಬಿಡುತ್ತದೆ, ಹಿಗ್ಗುವುದೋ ಹೆಚ್ಚು. ಹಾಗಾಗಿ ಸೊಟ್ಟವೂ ಹೆಚ್ಚು. ಅದರ ಹೊಗೆಯಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷಕಾರಿ ರೂಪ ಇರುತ್ತದೆ, ಹೊಗೆ ಎಳೆಯುವ ವ್ಯವಸ್ಥೆ ಇಲ್ಲದೆ ಕೂರಬೇಡಿ. ಉಕ್ಕಿಗೆ ಬಳಸಿದ ವೈರ್ ಬ್ರಷ್ ಸ್ಟೇನ್‌ಲೆಸ್‌ಗೆ ತಾಗಿಸಬೇಡಿ, ಅಂಟಿದ ಕಬ್ಬಿಣದ ಕಣ ಅಲ್ಲೇ ತುಕ್ಕು ಹಿಡಿಯುತ್ತದೆ.

ಅಭ್ಯಾಸದ ಕ್ರಮ ಹೇಗಿರಲಿ?

6ರಿಂದ 10 ಮಿ.ಮೀ. ದಪ್ಪದ ತುಂಡು ಪ್ಲೇಟ್‌ಗಳು ಸಾಕು. ತೆಳು ಪೈಪ್ ಬೇಡ, ತೂತು ಬೀಳುವುದನ್ನು ತಡೆಯುವುದರಲ್ಲೇ ಗಮನ ಹೋಗುತ್ತದೆ. ಮೊದಲು ಸಪಾಟು ಪ್ಲೇಟ್ ಮೇಲೆ ನೇರ ಬೀಡ್‌ಗಳು, ಆಮೇಲೆ ಒಂದರ ಮೇಲೊಂದು ಅರ್ಧ ಹತ್ತುವ ಹಾಗೆ ಇಡೀ ಪ್ಲೇಟ್ ಮುಚ್ಚುವುದು, ಆಮೇಲೆ ಟಿ ಫಿಲೆಟ್, ಲ್ಯಾಪ್ (ಒಂದರ ಮೇಲೊಂದು ಹೊದಿಸಿದ ಪ್ಲೇಟ್), ಸಂದು ಬಿಟ್ಟ ಬಟ್ (ಅಂಚಿಗೆ ಅಂಚು), ಕೊನೆಗೆ ಕೆಳಗಿನಿಂದ ಮೇಲಕ್ಕೆ ಲಂಬ. ಪ್ರತಿ ಬೀಡ್ ಪಕ್ಕ ಸೀಮೆಸುಣ್ಣದಲ್ಲಿ ರಾಡ್, ಆಂಪಿಯರ್ ಬರೆಯಿರಿ. ಕಾರ್ಖಾನೆಗಳಲ್ಲಿ ಡಬ್ಲ್ಯುಪಿಎಸ್ ಅಂತ ಕರೆಯುವ ಕಾರ್ಯವಿಧಾನ ಪತ್ರವೂ ಮೂಲದಲ್ಲಿ ಇಂಥ ದಾಖಲೆಯೇ: ಪರೀಕ್ಷಿಸಿ ಸರಿಯೆಂದು ಕಂಡ ಲೋಹ, ರಾಡ್, ಕರೆಂಟ್, ಭಂಗಿ, ಪೂರ್ವತಾಪಗಳ ಪಟ್ಟಿ.

ನಮ್ಮ ಪ್ರಾಜೆಕ್ಟ್ ಕಾರಿನ ಫ್ರೇಮನ್ನು ನಾನೇ ವೆಲ್ಡ್ ಮಾಡಬಹುದೇ?

ಅದರಲ್ಲಿ ನಿಮ್ಮ ಗೆಳೆಯರೊಬ್ಬರು ಕೂತು ಓಡಿಸುತ್ತಾರೆ ಅನ್ನುವುದರಿಂದ ಉತ್ತರ ಶುರುವಾಗಬೇಕು. ಬ್ರಾಕೆಟ್, ಜಿಗ್, ಸ್ಟ್ಯಾಂಡ್‌ಗಳನ್ನು ಧಾರಾಳವಾಗಿ ನೀವೇ ಮಾಡಿ. ಚಾಲಕರನ್ನು ಕಾಯುವ ರೋಲ್ ಹೂಪ್, ಸಸ್ಪೆನ್ಷನ್ ಹಿಡಿಯುವ ಜಾಯಿಂಟ್‌ಗಳನ್ನು ಪರೀಕ್ಷೆ ಪಾಸಾದ ವೆಲ್ಡರ್ ಕೈಗೆ ಕೊಡಿ. ಹಾಗಂತ ನಿಮ್ಮ ಪಾಲು ಚಿಕ್ಕದಲ್ಲ. ಟ್ಯೂಬ್ 4130 ಕ್ರೋಮ್‌ಮಾಲಿ ಆಗಿದ್ದರೆ ಸಮಾನಾಂಕ ಲೆಕ್ಕ ಹಾಕಿ: ಕಾರ್ಬನ್ 0.30, ಮ್ಯಾಂಗನೀಸ್ 0.5, ಕ್ರೋಮಿಯಂ 0.95, ಮಾಲಿಬ್ಡಿನಂ 0.2 ಎಂದು ಹಿಡಿದರೆ 0.61. ಸಾದಾ ಉಕ್ಕಿನಂತೆ ನಡೆಸಿಕೊಳ್ಳುವ ಲೋಹವಲ್ಲ ಇದು. ತೆಳು ಗೋಡೆಯ ಟ್ಯೂಬ್ ಟಿಗ್‌ನಲ್ಲಿ ಚೆನ್ನಾಗಿ ಬೆಸೆಯುತ್ತದೆ, ಆದರೆ ನೀರು ಹಾಕಿಯೋ ಗಾಳಿ ಊದಿಯೋ ತಣಿಸಬಾರದು.

ಟ್ಯೂಬ್‌ಗಳ ತುದಿಯನ್ನು ಬೆಳಕು ನುಸುಳದಷ್ಟು ಕೂರುವ ಹಾಗೆ ಅರ ಹಾಕಿ, ಒಳಗೂ ಹೊರಗೂ ಎಣ್ಣೆ, ತುಕ್ಕು ತೆಗೆದು, ಜಿಗ್‌ನಲ್ಲಿ ಕೂರಿಸಿ ಕರ್ಣಗಳ ಅಳತೆ ಬರೆದಿಟ್ಟುಕೊಳ್ಳಿ. ಅದೇ ಟ್ಯೂಬ್‌ನ ಉಳಿಕೆ ತುಂಡುಗಳಲ್ಲಿ, ಅದೇ ಕೋನದಲ್ಲಿ, ಅದೇ ವೆಲ್ಡರ್‌ರಿಂದ ಒಂದು ಮಾದರಿ ಜಾಯಿಂಟ್ ಮಾಡಿಸಿ. ಅದನ್ನು ಕೊಯ್ದು, ಉಜ್ಜಿ, ನೈಟಾಲ್ ಒರೆಸಿ, ಬೇರಿನವರೆಗೂ ಬೆಸೆದಿದೆ ಎಂದು ಕಂಡ ಮೇಲೆ ಫ್ರೇಮ್‌ಗೆ ಟ್ಯಾಕ್ ಹಾಕಿಸಿ, ಕರ್ಣಗಳನ್ನು ಮತ್ತೊಮ್ಮೆ ಅಳೆಯಿರಿ.